ಜೋಹರಿನ ನಂತರದ ಹೊತ್ತು

ಶಹಾಪುರದ ಹೆಣ್ಣುಮಕ್ಕಳ ಮದರಸಾದಲ್ಲಿ ಈ ವರ್ಷ ಮೊದಲ ಸಲ ಫಜೀಲತ್ ಶುರುವಾಗುವುದಿತ್ತು. ಆಲಿಮಾ ಓದು ಮುಗಿಸಿದವರು ಮತ್ತೆರಡು ವರ್ಷ ಕೂತು ಓದುವ ದೊಡ್ಡ ಓದು ಅದು. ಹೆಸರು ಕೊಟ್ಟವರು ಮೂವರೇ: ದೋರನಹಳ್ಳಿಯ ಅನ್ವರಬಿ, ಹುಣಸಗಿಯಿಂದ ಬಂದು ಮದರಸಾದಲ್ಲೇ ಉಳಿದಿದ್ದ ಸಬಾ, ಸುರಪುರದ ಮೆಹನಾಜ. ವೇಳಾಪಟ್ಟಿ ಮಾಡುವ ಕೆಲಸವನ್ನು ಉಸ್ತಾದ್ ನಸೀರುದ್ದೀನ ಸಾಹೇಬರು ಮೆಹನಾಜಳಿಗೆ ಒಪ್ಪಿಸಿದ್ದರು.

"ಸಾಲ್ಯಾಗ ಟೈಮ್‌ಟೇಬಲ್ ಮಾಡಾಕಿ ನೀನ ಅಲ್ಲೇನು? ಇದನ್ನೂ ಮಾಡಿ ತಾ," ಎಂದು ಪರದೆಯ ಆಚೆಯಿಂದ ಹೇಳಿದ್ದರು.

ಆಕೆ ಒಂದು ವಾರ ಕೂತು ಮಾಡಿದಳು. ಅನ್ವರಬಿಯ ಎಂಟು ತಿಂಗಳ ಕೂಸು ಮುಂಜಾನೆ ಹತ್ತರವರೆಗೆ ಮಲಗುತ್ತದೆ. ಹಾಗಾಗಿ ಗಟ್ಟಿ ಪಾಠವೆಲ್ಲ ಅಷ್ಟರೊಳಗೇ ಆಗಬೇಕು. ಹನ್ನೊಂದಕ್ಕೆ ಸಬಾ ಸಣ್ಣ ಹುಡುಗಿಯರಿಗೆ ಕಲಿಸಬೇಕು. ಮಧ್ಯಾಹ್ನದ ಜೋಹರ್ ನಮಾಜಿನಿಂದ ಸಂಜೆಯ ಅಸರ್ ನಮಾಜಿನವರೆಗೆ ಉಸ್ತಾದರ ವಿಶ್ರಾಂತಿ. ಆ ಹೊತ್ತಿನಲ್ಲಿ ಅಂಗಳದಲ್ಲಿ ಕೊಡ ಇಟ್ಟರೂ ಸಪ್ಪಳವಾಗಬಾರದು. ಉಸ್ತಾದರ ಹೆಂಡತಿ ಚಮನಬೀ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂತಿರುತ್ತಾರೆ. ಹೀಗೆ ಎಲ್ಲರ ಅನುಕೂಲ ನೋಡುತ್ತ ನೋಡುತ್ತ ಪ್ರವಾದಿಯವರ ನುಡಿಗಳಾದ ಹದೀಸಿನ ಪಾಠ ಮುಂಜಾನೆ ಎಂಟಕ್ಕೆ ಬಂದು ಕೂತಿತು.

ಎಂಟಕ್ಕೆ ಮೆಹನಾಜ ಸುರಪುರದ ಉರ್ದು ಶಾಲೆಯಲ್ಲಿ ಹಾಜರಿ ತೆಗೆಯುತ್ತಿರುತ್ತಾಳೆ. ಹನ್ನೆರಡೂವರೆಗೆ ಬಿಟ್ಟು ಬಸ್ಸು ಹಿಡಿದರೆ ಶಹಾಪುರ ಮುಟ್ಟುವುದು ಎರಡಕ್ಕೆ. ತಂಗಿಯ ಕಾಲೇಜು ಆ ನೌಕರಿಯ ಮೇಲೆ ನಡೆದಿತ್ತು. ಬಿಡುವ ಮಾತೇ ಇರಲಿಲ್ಲ.

ಬೇರೆ ಪಾಠಗಳನ್ನು ಮನೆಯಲ್ಲಿ ಓದಿಕೊಳ್ಳಬಹುದು. ಹದೀಸಿನ ಕಿತಾಬು ಹಾಗಲ್ಲ. ಒಬ್ಬಳು ದನಿಯೆತ್ತಿ ಓದಬೇಕು, ಉಸ್ತಾದರು ಕೇಳಬೇಕು, ಉಳಿದವರೂ ಕೇಳಬೇಕು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕಿವಿಯಾರೆ ಕೇಳಿದವಳಿಗಷ್ಟೇ ಇಜಾಜತ್, ಅಂದರೆ ಆ ಕಿತಾಬನ್ನು ಮುಂದೆ ತಾನೂ ಕಲಿಸುವ ಅಪ್ಪಣೆ. ಮೆಹನಾಜ ಅಕ್ಷರ ಬರುವ ಮೊದಲೇ ಕೇಳಿ ಕಲಿತವಳು. ಅಜ್ಜಿ ಹುಸೇನಬೀ ರೊಟ್ಟಿ ಬಡಿಯುತ್ತ ಪ್ರವಾದಿಯವರನ್ನು ಹೊಗಳುವ ನಾತ್ ಹಾಡುತ್ತಿದ್ದಳು. ರೊಟ್ಟಿಗೊಂದು ಸಾಲಿನಂತೆ ಇವಳಿಗೆ ಬಾಯಿಪಾಠವಾಗುತ್ತಿತ್ತು. ಫಜೀಲತ್ ಬೇಕೆನಿಸಿದ್ದೇ ಆ ಕೇಳುವುದಕ್ಕಾಗಿ. ಆದರೂ ಹದೀಸಿನ ಸಾಲಿನಲ್ಲಿ ತನ್ನ ಹೆಸರಿನ ಮುಂದೆ ಒಂದು ಗೆರೆ ಎಳೆದಳು. ಪಾಸಾದ ಸನದು ಸಿಗುತ್ತದೆ, ಇಜಾಜತ್ ಇರುವುದಿಲ್ಲ, ಅಷ್ಟೇ ಎಂದುಕೊಂಡಳು.

ರವಿವಾರ ಪಟ್ಟಿ ತಂದಾಗ ಮೊದಲು ಕಸಿದುಕೊಂಡವಳು ಅನ್ವರಬಿ.

"ಈ ಗೆರಿ ಏನಿದು?"

"ನಾ ಹದೀಸಿಗೆ ಕೂಡಂಗಿಲ್ಲ, ಆಪಾ."

"ಭಾಳ ಶಾಣ್ಯಾಕಿ! ಊರ ಮಂದಿಗೆಲ್ಲಾ ಊಟಕ್ಕ ನೀಡಿ ತನ್ನ ತಾಟಽ ಮರತಾಳ ನೋಡ್ರಿ." ಅನ್ವರಬಿ ಪಟ್ಟಿಯ ಮೇಲೆ ಬೆರಳು ಓಡಿಸಿದಳು. "ಮಧ್ಯಾಹ್ನ ಇಷ್ಟು ದೊಡ್ಡ ಜಾಗಾ ಖಾಲಿ ಅದಲ್ಲ?"

"ಸಾವಕಾಶ ಮಾತಾಡು. ಅದು ಹಜರತರ ನಿದ್ದಿ ಹೊತ್ತು."

ಪಟ್ಟಿಯನ್ನು ಪರದೆಯ ಆಚೆ ಒಯ್ಯಲು ಬಂದ ಚಮನಬೀ ಅಲ್ಲೇ ನಿಂತು ನಗಲು ಶುರುಮಾಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಗೆ ನಿಲ್ಲಲಿಲ್ಲ.

"ನಿದ್ದಿ? ಅವರು? ಅಯ್ಯ ನನ್ನವ್ವಾ, ನಲವತ್ತು ವರ್ಷದಾಗ ಒಂದಿನಾ ಮಧ್ಯಾಹ್ನ ಕಣ್ಣ ಮುಚ್ಚಿಲ್ಲ. ಗ್ವಾಡಿ ಕಡಿ ಮಾರಿ ಮಾಡಿ ಗುಣುಗುಣು ಹದೀಸ ಹೇಳಕೋತ ಬಿದ್ದಿರತಾರ."

"ಮತ್ತ ನೀವು ಬಾಗಲದಾಗ ಕಾವಲ ಕೂಡೋದು, ಖಾಲಾ?"

"ಅದು ನನ್ನ ನಿದ್ದಿಗಿ! ಕುರ್ಚಿ ಮ್ಯಾಲ ನಾ ಒಂದ ತಾಸು ಕಣ್ಣ ಮುಚ್ಚತೀನಿ. ನೀವು ಹುಡುಗ್ಯಾರು ಚೀರಿದರ ನಾ ಹೆಂಗ ಮಲಗಲಿ?"

ಅನ್ವರಬಿ ನಕ್ಕು ನಕ್ಕು ನೆಲಕ್ಕೆ ಕೂತಳು. ಮೆಹನಾಜಳಿಗೆ ನಗು ಬರಲಿಲ್ಲ. ಪರದೆಯ ಆಚೆ ಕೆಮ್ಮಿದ ಸದ್ದಾಯಿತು.

"ಮೆಹನಾಜ ಬೇಟಿ, ಎಲ್ಲಾ ಕೇಳಿಸ್ತು. ನನಗ ಒಂದ ಮಾತು ಯಾಕ ಕೇಳಲಿಲ್ಲ?"

"ಹಿರಿಯರ ವಿಶ್ರಾಂತಿ... ಕೇಳೋದು ಬೇಅದಬಿ, ಮರ್ಯಾದಿಗೇಡು ಅನಸ್ತ್ರಿ, ಹಜರತ್."

"ಹೌದೇನು? ಈಗ ನಾನಽ ಕೇಳತೀನಿ. ನಿನಗ ಏನು ಬೇಕು? ಬಾಯಿ ಬಿಟ್ಟು ಹೇಳು. ನಡುವ ಪರದೆ ಅದ, ಮಾರಿ ನೋಡಿ ತಿಳಕೊಳ್ಳಾಕ ನನಗ ಆಗಂಗಿಲ್ಲ."

ಅನ್ವರಬಿ ಕೆಳಗಿನಿಂದ ಮೆಹನಾಜಳ ಕಾಲು ಚಿವುಟಿದಳು.

"ಹದೀಸು ಎರಡೂವರಿಗೆ ಇಡ್ರಿ," ಎಂದಳು ಮೆಹನಾಜ. ದನಿ ತಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ನನಗ ಪೂರಾ ಕೇಳಬೇಕಾಗ್ಯದ್ರಿ. ಒಂದ ಸಾಲೂ ಬಿಡದಂಗ."

"ಮಧ್ಯಾಹ್ನ ಅಷ್ಟರಾಗಽ ಓದಿದರ ಓದು ಮುಗಿಯೋ ಶಾಬಾನ್ ತಿಂಗಳಿಗೆ ಕಿತಾಬು ಮುಗಿಯಂಗಿಲ್ಲ."

"ರವಿವಾರ ಸಾಲಿ ಸೂಟಿ ಅದ್ರಿ. ಮುಂಜಾನೆ ಮೊದಲ ಬಸ್ಸಿಗೇ ಬರತೀನಿ."

"ಅನ್ವರಬಿ, ನಿನ್ನ ಕೂಸು?"

"ಆ ಹೊತ್ತಿಗೆ ಎದ್ದಿರತದ್ರಿ. ಅದೂ ಕೇಳಲಿ. ಅತ್ತರ ಖಾಲಾ ಎತಗೊಳ್ಳಲಿ. ಹೆಂಗೂ ಅವರ ನಿದ್ದಿ ಹೋತಲ್ಲ!"

"ಬಾಯಿ ನೋಡು ಇದರದು," ಎಂದ ಚಮನಬೀ, ಬೇಡವೆನ್ನಲಿಲ್ಲ.

ಮೆಹನಾಜ ಹೊಸ ಹಾಳೆ ತೆಗೆದು ಅಲ್ಲೇ ಪಟ್ಟಿ ಬರೆದಳು.

ಮೊದಲ ದಿನವೇ ಬಸ್ಸು ತಡವಾಯಿತು. ದಾರಿಯಲ್ಲಿ ಕುರಿಹಿಂಡೊಂದು ರಸ್ತೆ ದಾಟಿ ಮುಗಿಯಲೇ ಇಲ್ಲ. ಮುಂದೆ ಒಂದು ಹತ್ತಿ ಲಾರಿ ಅಡ್ಡ ನಿಂತಿತ್ತು. ಮೆಹನಾಜ ಮದರಸಾ ಮುಟ್ಟಿದಾಗ ಮೂರಕ್ಕೆ ಐದು ನಿಮಿಷ ಬಾಕಿ. ಗಡಬಡಿಸಿ ಜೋಹರ್ ನಮಾಜು ಮುಗಿಸಿದಳು. ಒಂದು ಸಾಲೂ ಬಿಡುವುದಿಲ್ಲ ಎಂದವಳಿಗೆ ಮೊದಲ ಸಾಲೇ ಹೋಯಿತಲ್ಲ ಎಂದುಕೊಳ್ಳುತ್ತ ಓಡಿದಳು. ಪಾಠದ ಕೋಣೆಯಿಂದ ಓದುವ ದನಿ ಏನೂ ಕೇಳಿಸುತ್ತಿರಲಿಲ್ಲ. ಮುಗಿದೇ ಹೋಯಿತೇನೋ.

ಬಾಗಿಲು ದೂಡಿದಳು. ಕಿತಾಬು ತೆರೆದೇ ಇತ್ತು. ಸಬಾಳ ಬೆರಳು ಮೊದಲ ಪುಟದ ಮೇಲಿತ್ತು. ಕೂಸು ಚಮನಬೀಯ ಹೆಗಲ ಮೇಲೆ ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ಅನ್ವರಬಿ ಹುಬ್ಬು ಹಾರಿಸಿ ಖಾಲಿ ಚಾಪೆ ತೋರಿಸಿದಳು.

"ಬಂದಿಯೇನು?" ಪರದೆಯ ಆಚೆಯಿಂದ ಉಸ್ತಾದರ ದನಿ.

"ಬಂದೆ, ಹಜರತ್. ತಡಾ ಆತ್ರಿ."

"ಇನ್ನೂ ಶುರುಮಾಡಿಲ್ಲ. ಇವತ್ತು ನೀನಽ ಓದು."

ಆಕೆ ಕೂತು ಕಿತಾಬನ್ನು ಹತ್ತಿರ ಎಳೆದುಕೊಂಡಳು. ಮೊದಲ ಸಾಲು ಬರೀ ಹೆಸರುಗಳು: ಇವರು ಅವರಿಂದ ಕೇಳಿದರು, ಅವರು ಇನ್ನೊಬ್ಬರಿಂದ. ಮೊದಲ ಹೆಸರಿಗೆ ದನಿ ನಡುಗಿತು. ಎರಡನೆಯದಕ್ಕೆ ಸ್ವಲ್ಪ ನಿಂತಿತು. ಮೂರನೆಯ ಹೆಸರು ಕೋಣೆಯ ಮೂಲೆಯವರೆಗೂ ಕೇಳಿಸಿತು.