ಬಗಲಿನ ತೂತು

ಟ್ಯೂಬನ್ನು ತಗಡಿನ ಬೋಗುಣಿಯ ನೀರಿಗೆ ಅದ್ದಿ ಗುಲಾಮ್ ದಸ್ತಗೀರ್ ಗೇಣುಗೇಣಾಗಿ ಹಿಂಡುತ್ತಿದ್ದ. ಮೂರನೇ ಹಿಡಿತಕ್ಕೆ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಎದ್ದವು.

"ಸಿಕ್ತು. ಈ ತಿಂಗಳಾಗ ನಾಲ್ಕನೇದು, ಬೇಟಿ. ಜಾಲಿ ಮುಳ್ಳಿಗಿ ನಿನ್ನ ಸೈಕಲ್ ಮ್ಯಾಲ ಭಾರೀ ಮೊಹಬ್ಬತ್ ಅದ."

ನಾಗವೇಣಿ ನಗಲಿಲ್ಲ. "ಸೋಮವಾರ ಮಾತ್ರ ಆಗಬಾರದು ಚಾಚಾ. ಏನು ಮಾಡಬೇಕು ಹೇಳ್ರಿ."

"ಸೋಮವಾರ ಏನದ?"

"ಪರೀಕ್ಷಾ. ಹತ್ತನೇದು, ಗಣಿತ."

"ಮಗಂದೇನು?"

"ನಂದು."

ದಸ್ತಗೀರ್ ಟ್ಯೂಬಿನಿಂದ ಕಣ್ಣೆತ್ತಿ ಅವಳನ್ನು ನೋಡಿದ. ನಗಬೇಕೋ ಬೇಡವೋ ತಿಳಿಯದೆ ಮತ್ತೆ ಟ್ಯೂಬಿನತ್ತ ತಿರುಗಿದ. "ಆಟೋ ಹಿಡಿದು ಹೋದ್ರ ಆಯ್ತಪ್ಪ, ಅದಕ್ಕೇನು."

"ಸೈಕಲ್ ಮ್ಯಾಲೇ ಹೋಗಾಕಿ."

ಅವಳಿಗೆ ಮೂವತ್ತೆರಡು. ರಾಯಚೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಅಟೆಂಡರ್. ಗಂಟೆ ಬಾರಿಸುವುದು, ನೀರು ಕೊಡುವುದು, ಪರೀಕ್ಷೆಯ ದಿನ ಹೊತ್ತು ಮೀರಿದ ಮೇಲೆ ಗೇಟು ಹಾಕುವುದು. ಗೇಟಿನಾಚೆ ನಿಂತು ಕೈಮುಗಿಯುವ ಹುಡುಗರ ಮುಖವನ್ನು ಅವಳು ನೋಡುತ್ತಿರಲಿಲ್ಲ, ಬೀಗವನ್ನಷ್ಟೇ ನೋಡುತ್ತಿದ್ದಳು. ಸೈಕಲ್ಲು ಕಾಲೇಜಿನ ಸ್ಟ್ಯಾಂಡಿನಲ್ಲಿ ಯಾರೋ ಬಿಟ್ಟುಹೋದದ್ದು. ಮೂರು ವರ್ಷ ಧೂಳು ತಿಂದ ಮೇಲೆ ಪ್ರಿನ್ಸಿಪಾಲರು, "ಗುಜರಿಗೆ ಹಾಕು, ಇಲ್ಲ ನೀನೇ ಒಯ್ಯಿ" ಎಂದರು. ಅವಳು ಒಯ್ದಳು. ಮೊದಲ ದಿನ ಖಾಲಿ ಮೈದಾನದಲ್ಲಿ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಹತ್ತಿದಾಗ ಎರಡು ಸಲ ವಾಲಿದಳು. ಮೂರನೇ ಸಲ ಹ್ಯಾಂಡಲ್ ತಾನಾಗಿ ನೆಟ್ಟಗಾಯಿತು. ಹದಿನಾರು ವರ್ಷ ಎಲ್ಲಿಗೂ ಹೋಗದೆ ಕಾಲುಗಳಲ್ಲೇ ಕೂತಿದ್ದ ಆ ವಿದ್ಯೆಯ ಬಗ್ಗೆ ಅವಳಿಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. ಅದೇ ವಾರ ಪರೀಕ್ಷೆಯ ಅರ್ಜಿ ತುಂಬಿದಳು.

"ಕೇಳು ಹಂಗಾದ್ರ," ಎಂದ ದಸ್ತಗೀರ್. "ಗಾಳಿ ಕಮ್ಮಿ ಇಟ್ಟು ಓಡಿಸಬ್ಯಾಡ. ಮೆತ್ತಗಿದ್ದ ಟೈರು ಎಲ್ಲಾ ಮುಳ್ಳನ್ನೂ ಕರಕೊಂತದ. ರೋಡಿನ ಅಂಚಿಗಿ ಹೋಗಬ್ಯಾಡ, ಅಲ್ಲೇ ಜಾಲಿ ಕಡದು ಒಗೀತಾರ. ಪ್ಯಾಚ್ ಹಚ್ಚಿದ ಮ್ಯಾಲ ಟೈರಿನೊಳಗ ಅರಿವಿ ಆಡಿಸು. ಮುರದ ಮುಳ್ಳು ಒಳಗೇ ಇರ್ತದ, ಅದು ಅರಿವಿಗಿ ಸಿಗತದ. ಎಲ್ಲಾರೂ ತೂತು ಮುಚ್ಚತಾರ, ಮುಳ್ಳು ತಗಿಯಂಗಿಲ್ಲ."

ಅವನು ಟ್ಯೂಬನ್ನು ಅವಳ ಮುಂದೆ ಹಿಡಿದ. "ಗಾಳಿ ಹಾಕೋ ವಾಲ್ ಇರೋದು ಒಳಗಿನ ಕಡಿ. ಅದರ ಎದುರು ಬೆನ್ನು, ರೋಡಿಗಿ ಹತ್ತೋದು. ಮುಳ್ಳು ಅಂದ್ರ ಬೆನ್ನಿಗೇ ಚುಚ್ಚಬೇಕು. ನೋಡು, ನಿಂದು ನಾಕೂ ಬೆನ್ನಿಗೇ ಅವ. ಬಗಲಿಗಿ ತೂತು ಬಿತ್ತಂದ್ರ ಅದು ಮುಳ್ಳಲ್ಲ, ಮನುಷ್ಯಾ. ಅಂಥಾವ್ರು ಬಂದ್ರ ನಾ ಕೇಳ್ತೀನಿ, ಯಾರ ಜೋಡಿ ಜಗಳಾ ಮಾಡ್ಕೊಂಡೀರಿ ಅಂತ."

ಅವನು ನಕ್ಕ. ನಾಗವೇಣಿ ಟ್ಯೂಬಿನ ಬಗಲನ್ನೇ ನೋಡುತ್ತ ನಿಂತಳು. ಅಂಥದೊಂದು ಬಗಲನ್ನು ಅವಳು ಹೋದ ವಾರವಷ್ಟೇ ಮುಟ್ಟಿದ್ದಳು.

ಅಪ್ಪ ವೆಂಕೋಬ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಅವಳ ತವರೂರು ಮಸರಕಲ್ಲಿನಿಂದ ಬಂದಿದ್ದ. ಬಟ್ಟೆಬರೆಯನ್ನು ಗೋಣಿಚೀಲದಲ್ಲಿ ತುಂಬಿ ಅದರ ಬಾಯನ್ನು ಹಳೇ ಟ್ಯೂಬಿನ ತುಂಡಿನಿಂದ ಬಿಗಿದಿದ್ದ. "ನೀ ಸಾಲಿಗಿ ಹೋಗ್ತಿದ್ದ ಸೈಕಲ್ಲಿಂದೇ ಅದು. ಸರ್ಕಾರ ಕೊಟ್ಟದ್ದು. ಇನ್ನೂ ಗಟ್ಟಿ ಅದ ನೋಡು," ಎಂದು ಹೆಮ್ಮೆಯಿಂದ ಹೇಳಿದ್ದ. ಬಿಚ್ಚುವಾಗ ಒಂದೇ ಸಾಲಿನಲ್ಲಿ ಮೂರು ಪ್ಯಾಚು ಬೆರಳಿಗೆ ಹತ್ತಿದ್ದವು.

ಮನೆಗೆ ಬಂದವಳು ಸೀದಾ ಒಳಗೆ ಹೋಗಿ ಮೊಳೆಗೆ ನೇತುಹಾಕಿದ್ದ ಆ ತುಂಡನ್ನು ತೆಗೆದಳು. ಒಂದು ತುದಿಯಲ್ಲಿ ವಾಲಿನ ಬುಡ ಇನ್ನೂ ಇತ್ತು. ಅಲ್ಲಿಂದ ಅಳೆದಳು. ಮೂರೂ ಪ್ಯಾಚು ಬಗಲಿಗೇ. ಸೊಲ್ಯೂಷನ್ ಒಣಗಿ ಹೋಗಿತ್ತು. ಉಗುರಿನಿಂದ ಎಬ್ಬಿಸಿದರೆ ಪ್ಯಾಚು ಹಪ್ಪಳದಂತೆ ಎದ್ದು ಬಂತು. ಕೆಳಗಿದ್ದದ್ದು ಗುಂಡಗಿನ ತೂತಲ್ಲ, ಚಪ್ಪಟೆಯಾದ ಸೀಳು. ಜೋಳದ ಕಾಳಿನಷ್ಟು ಅಗಲ.

ಆ ಸೀಳು ಅವಳಿಗೆ ಗೊತ್ತಿತ್ತು. ಆಗೆಲ್ಲ ಅಪ್ಪ ದೇವದುರ್ಗದಲ್ಲಿ ಕಾಳಿನ ಚೀಲದ ಬಾಯಿ ಹೊಲಿಯುತ್ತಿದ್ದ. ಚಪ್ಪಟೆ ಮೂತಿಯ ದಬ್ಬಣಕ್ಕೆ ದಿನಾ ಮುಂಜಾನೆ ಸುತಳಿ ಪೋಣಿಸಿ ಕೊಡುತ್ತಿದ್ದವಳು ಇವಳೇ. ಅವನ ಕಣ್ಣು ಆಗಲೇ ಮಂಜು.

ಅವಳು ಹತ್ತನೇ ಇಯತ್ತೆಯಲ್ಲಿದ್ದಾಗ ಮೊದಲೆರಡು ಸಲ ಪಂಚರಾದಾಗ ಅಪ್ಪ, "ನೀ ಓದು, ನಾ ಹಾಕಿಸ್ಕೊಂಡು ಬರ್ತೀನಿ" ಎಂದು ತಾನೇ ಒಯ್ದಿದ್ದ. ಆಗ ಅದು ಪ್ರೀತಿಯೆನಿಸಿತ್ತು. ಮೂರನೆಯದು ಗಣಿತ ಪರೀಕ್ಷೆಯ ದಿನ. ದೇವದುರ್ಗದ ದಾರಿಯಲ್ಲಿ ಸೈಕಲ್ಲನ್ನು ದೂಡಿಕೊಂಡು ಓಡಿದ್ದಳು. ಬಿಟ್ಟು ಓಡಬಹುದೆಂದು ಹೊಳೆಯಲೇ ಇಲ್ಲ. ಸರ್ಕಾರ ಕೊಟ್ಟದ್ದು, ಕಳೆದರೆ ಕೇಳುತ್ತಾರೆಂಬ ಹೆದರಿಕೆ. ಗೇಟು ಹಾಕಿ ಐದು ನಿಮಿಷವಾಗಿತ್ತು. ಸಂಜೆ ಅಪ್ಪ ಕೊಡಲಿ ಹಿಡಿದು ಗುಡಿಸಲ ಸುತ್ತಿನ ಜಾಲಿಯನ್ನೆಲ್ಲ ಕಡಿದು ಬೆಂಕಿ ಹಚ್ಚಿದ. ಕೈತುಂಬ ರಕ್ತ. ಇವಳೇ ಅರಿಶಿನ ಹಚ್ಚಿ, "ಇರ್ಲಿ ಬಿಡು ಯಪ್ಪಾ, ಮತ್ತ ಕಟ್ತೀನಿ" ಎಂದು ಸಮಾಧಾನ ಮಾಡಿದ್ದಳು. ಮತ್ತೆ ಕಟ್ಟುವ ಪರೀಕ್ಷೆ ಜೂನಿಗಿತ್ತು. ಮೇ ತಿಂಗಳಲ್ಲಿ ಅವಳನ್ನು ಮಲ್ಲಟಕ್ಕೆ ಮದುವೆ ಮಾಡಿಕೊಟ್ಟರು. ವಯಸ್ಸು ಹದಿನಾರಾದ್ದರಿಂದ ಲಗ್ನಪತ್ರಿಕೆ ಅಚ್ಚು ಹಾಕಿಸಲಿಲ್ಲ. ಆ ಮನೆಯಲ್ಲಿ ಅವಳು ಎಂಟು ವರ್ಷವಿದ್ದಳು. ಮಗನನ್ನು ಕಟ್ಟಿಕೊಂಡು ಮಾನವಿಯಲ್ಲಿ ಬಸ್ಸು ಹತ್ತಿದಾಗ ಎಡಗಿವಿ ಕೇಳಿಸುತ್ತಿರಲಿಲ್ಲ.

ವೆಂಕೋಬ ಜಗುಲಿಯ ಮೇಲೆ ಕಪ್ಪು ಕನ್ನಡಕ ಹಾಕಿ ಕೂತಿದ್ದ. ನಾಗವೇಣಿ ಟ್ಯೂಬನ್ನು ಅವನ ತೊಡೆಯ ಮೇಲಿಟ್ಟಳು.

"ಏನಬೇ ಇದು?"

"ಮುಟ್ಟಿ ನೋಡು."

ಅವನ ಬೆರಳು ಟ್ಯೂಬಿನ ಉದ್ದಕ್ಕೂ ಹರಿದು ಸೀಳಿನ ಹತ್ತಿರ ನಿಂತಿತು. ಅಲ್ಲಿಂದ ಮುಂದೆ ಹೋಗಲಿಲ್ಲ.

"ಜಾಲಿ ಮುಳ್ಳು," ಎಂದ.

"ಜಾಲಿ ಮುಳ್ಳು ಬಗಲಿಗಿ ಚುಚ್ಚತದೇನು?"

"ಯಾರು ಹೇಳಿದ್ರು ನಿನಗ?"

ಅವನು ಕನ್ನಡಕ ತೆಗೆದ. ನೀರು ಸುರಿಯುತ್ತಿತ್ತು, ಆಪರೇಷನ್ ಆದ ಕಣ್ಣಿಗೆ ಸುಮ್ಮನೆಯೂ ನೀರು ಬರುತ್ತದೆ ಎಂದು ಡಾಕ್ಟರು ಹೇಳಿದ್ದರು.

"ಮಲ್ಲಟದವ್ರಿಗಿ ಮಾತು ಕೊಟ್ಟಿದ್ದೆ, ಯವ್ವಾ. ನೀ ಪಾಸಾದ್ರ ಕಾಲೇಜು ಅಂತಿದ್ದಿ. ಹುಡುಗಿ ಸೈಕಲ್ ಮ್ಯಾಲ ದೇವದುರ್ಗ ತಿರುಗತಾಳ ಅಂತ ಮಂದಿ..."

"ಮಂದಿ ಚುಚ್ಚಲಿಲ್ಲ."

"ಒಂದು ಪರೀಕ್ಷಾ ಹೋದ್ರ ಏನಾಗ್ತದ ಅನ್ಕೊಂಡೆ."

"ಹಂಗಾದ್ರ ಮೊದಲ ಎರಡು ಸಲ ಯಾಕ?"

ವೆಂಕೋಬ ಟ್ಯೂಬಿನ ತುಂಡನ್ನು ಸುರುಳಿ ಸುತ್ತಿದ. ಆಮೇಲೆ ಮೆಲ್ಲಗೆ, "ಎಷ್ಟು ಹೊತ್ತಿನಾಗ ಗಾಳಿ ಹೋಗತದ, ನೋಡಬೇಕಿತ್ತು" ಎಂದ.

ನಾಗವೇಣಿ ಒಳಗೆ ಹೋಗಿ ಒಲೆ ಹಚ್ಚಿದಳು. ರೊಟ್ಟಿ ಬಡಿದಳು. ಅವನ ತಾಟಿಗೂ ಎರಡು ಹಾಕಿದಳು. ಎರಡು ದಿನ ಮನೆಯಲ್ಲಿ ಅವಳ ಮಗ ಒಬ್ಬನೇ ಮಾತಾಡಿದ.

ಭಾನುವಾರ ಮಧ್ಯಾಹ್ನ ಅವಳು ಸೂತ್ರಗಳನ್ನು ಬರೆದು ಬರೆದು ಕೈ ನೋಯಿಸಿಕೊಂಡು ಹೊರಗೆ ಬಂದಾಗ ವೆಂಕೋಬ ನೆಲದ ಮೇಲೆ ಕೂತು ಹಳೇ ಟೈರೊಂದನ್ನು ಕೊಯ್ಯುತ್ತಿದ್ದ. ಬಿಸಿಲಿನಲ್ಲಿ ಗೋಡೆ ಹಿಡಿದುಕೊಂಡು ದಸ್ತಗೀರನ ಅಂಗಡಿಯವರೆಗೆ ಹೋಗಿ ಬೇಡಿ ತಂದಿದ್ದನಂತೆ. ಎರಡೂ ಅಂಚು ತೆಗೆದು ಬೆನ್ನಿನ ಪಟ್ಟಿಯನ್ನಷ್ಟೇ ಉಳಿಸಿದ್ದ. ಕೊಯ್ದ ಗೆರೆ ಎಲ್ಲೂ ಸೊಟ್ಟಗಾಗಿರಲಿಲ್ಲ. ಹೆಬ್ಬೆರಳಿಗೆ ಬಟ್ಟೆಯ ಚೂರು ಸುತ್ತಿತ್ತು. ಅದು ಕೆಂಪಗೆ ತೊಯ್ದಿತ್ತು. ಈ ಸಲ ಅವಳು ಅರಿಶಿನ ತರಲು ಒಳಗೆ ಹೋಗಲಿಲ್ಲ.

ಸದ್ದಿಗೆ ಅವನು ಮುಖವೆತ್ತಿದ. ಪಟ್ಟಿಯನ್ನು ಎರಡೂ ಕೈಯಿಂದ ಮುಂದೆ ಹಿಡಿದ.

"ಇದನ್ನ ಟೈರಿನೊಳಗ ಹಾಸಿ ಮ್ಯಾಲ ಟ್ಯೂಬ್ ಹಾಕಿದ್ರ ಮುಗೀತು. ಜಾಲಿ ಅಲ್ಲ, ದಬ್ಬಣಾನೂ ಇಳಿಯಂಗಿಲ್ಲ. ನಾನೇ ಹಾಕಿ ಕೊಡ್ತೀನಿ. ನಾಳಿಗಿ ನಿಶ್ಚಿಂತಿ ಹೋಗಿ ಬಾ, ನಾಗೀ."

ಸೈಕಲ್ಲು ಗೋಡೆಗೆ ಒರಗಿ ನಿಂತಿತ್ತು. ನಾಗವೇಣಿ ಮುಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು, ಹಿಂದಿನದನ್ನೂ ಒತ್ತಿದಳು. ಗಾಳಿ ಬಿಗಿಯಾಗಿತ್ತು. ಸ್ಟ್ಯಾಂಡ್ ಎಬ್ಬಿಸಿ, ಸೈಕಲ್ಲನ್ನು ಹೊಸ್ತಿಲು ದಾಟಿಸಿ, ತಾನು ಮಲಗುವ ಕೋಣೆಯೊಳಗೆ ಒಯ್ದು ನಿಲ್ಲಿಸಿದಳು. ಹೊರಗೆ ಬಂದಾಗ ಅವನ ಕೈ ಇನ್ನೂ ಹಾಗೆಯೇ ಚಾಚಿತ್ತು.

"ಹಾಕ್ಲೇನು?" ಎಂದ.

"ಬ್ಯಾಡ."