ಗೋಡೆಯ ಮೇಲಿನ ಕೈಗಳು

ಪ್ರದರ್ಶನದ ಪಾಸು ತಂದುಕೊಟ್ಟವಳು ತಂಗಿಯ ಮಗಳು. ಪೆಟ್ಟಿಗೆ ಕಂಪನಿ ಶುರುವಾಗಿ ನೂರು ವರ್ಷವಾಯಿತೆಂದು ಊರಿನ ದೊಡ್ಡ ಮ್ಯೂಸಿಯಮ್ಮಿನ ಮೂರು ಹಾಲ್‌ಗಳ ತುಂಬ ಹಳೆಯ ಟ್ರಂಕು, ಸೂಟ್‌ಕೇಸುಗಳನ್ನು ಜೋಡಿಸಿಟ್ಟಿದ್ದರು. ಹುಡುಗಿ ಅದೇ ಕಂಪನಿಯ ಅಂಗಡಿಗೆ ಸೇರಿ ಐದು ತಿಂಗಳಾಗಿತ್ತು. ಇನ್ನೊಂದು ತಿಂಗಳು ಕಳೆದರೆ ಕೆಲಸ ಖಾಯಂ.

“ದೊಡ್ಡಮ್ಮನ್ನೂ ಕರ್ಕೊಂಡು ಹೋಗಮ್ಮ. ಇಬ್ರೂ ಅಲ್ಲೇ ಜೀವ ತೇಯ್ದಿದ್ದೀರಲ್ಲ” ಎಂದಿದ್ದಳು.

ಮಾತು ಸುಳ್ಳಲ್ಲ. ಅಕ್ಕ ಮೂವತ್ತೊಂದು ವರ್ಷ ಆ ಕಾರ್ಖಾನೆಯಲ್ಲಿ ಪೆಟ್ಟಿಗೆಗಳ ಚರ್ಮದ ಹಿಡಿಕೆ ಹೊಲಿದವಳು. ಅಲ್ಲಿ ಅವಳಿಗೆ ಹಿಡಿಕೆ ಅಕ್ಕ ಎಂದೇ ಹೆಸರು. ತಂಗಿ ಪಕ್ಕದಲ್ಲಿ ಕೂತು ದಾರಕ್ಕೆ ಮೇಣ ಉಜ್ಜಿ ಕೊಡುತ್ತಿದ್ದಳು. ಈಗ ಅಕ್ಕನ ಬೆರಳುಗಳು ಸೊಟ್ಟಗಾಗಿ, ರವಿಕೆಯ ಗುಂಡಿ ಹಾಕಿಕೊಳ್ಳುವುದಕ್ಕೂ ಹೆಣಗಾಡಬೇಕು.

ಮೊದಲ ಹಾಲ್‌ನಲ್ಲಿ ಅಕ್ಕ ಖುಷಿಯಾಗಿಯೇ ಇದ್ದಳು. ಗಾಜಿನೊಳಗೆ ದೀಪ ಹಾಕಿಸಿಕೊಂಡು ಕೂತಿದ್ದ ಟ್ರಂಕನ್ನು ನೋಡಿ, “ಇದಕ್ಕೆ ಎ.ಸಿ. ಬೇರೆ! ನಮಗೊಂದು ಫ್ಯಾನ್ ಹಾಕ್ಸೋಕೆ ಎಂಟು ವರ್ಷ ಗೋಗರೆದ್ವಿ, ನೆನಪಿದ್ಯಾ?” ಎಂದು ತಂಗಿಯ ಪಕ್ಕೆ ತಿವಿದಳು. ಇಬ್ಬರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಹಿಡಿಕೆ ಕಂಡಲ್ಲೆಲ್ಲ ಅಕ್ಕ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ, “ಇದು ನಂದು”, “ಇದು ನಂದಲ್ಲ, ಹೊಲಿಗೆ ಸಡಿಲ” ಎಂದು ತೀರ್ಪು ಕೊಡುತ್ತ ಸಾಗಿದಳು.

ಎರಡನೆಯ ಹಾಲ್‌ನ ಗೋಡೆಯ ಉದ್ದಕ್ಕೂ ಒಂದೇ ಒಂದು ಫೋಟೊ. ಚರ್ಮದ ಹಿಡಿಕೆ ಹೊಲಿಯುತ್ತಿರುವ ಎರಡು ಕೈಗಳು. ಮುಖವಿಲ್ಲ. ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ, ಎರಡು ಹೋಳಾಗಿ ಬೆಳೆದಿತ್ತು. ಅಕ್ಕ ನಿಂತಲ್ಲೇ ನಿಂತುಬಿಟ್ಟಳು. ಕೆಲಸಕ್ಕೆ ಸೇರಿದ ಎರಡನೇ ವರ್ಷ ದಬ್ಬಳ ಜಾರಿ ಸೀಳಿದ ಉಗುರು ಅದು. ಆಮೇಲೆ ಯಾವತ್ತೂ ಕೂಡಿಕೊಳ್ಳಲಿಲ್ಲ.

ಕೆಳಗೆ ಹಿತ್ತಾಳೆಯ ಫಲಕದಲ್ಲಿ ಬರೆದಿತ್ತು: “ಸಂಸ್ಥಾಪಕ ಮನೆತನದ ಮೂರನೇ ತಲೆಮಾರಿನ ಮಗಳು ಸ್ವತಃ ಹಿಡಿಕೆ ಹೊಲಿಯುತ್ತಿರುವುದು.”

ಫೋಟೊ ತೆಗೆದ ಆ ದಿನ ಇಬ್ಬರಿಗೂ ಚೆನ್ನಾಗಿ ನೆನಪಿತ್ತು. ಯಜಮಾನರ ಮಗಳು ರೇಷ್ಮೆ ಸೀರೆಯಲ್ಲಿ ಬಂದು ಅಕ್ಕನ ಜಾಗದಲ್ಲಿ ಕೂತು ನಕ್ಕಿದ್ದಳು. ಸೂಜಿ ಹಿಡಿಯುವುದು ಮಾತ್ರ ಬರಲಿಲ್ಲ. ಫೋಟೊದವನು ಬೇಸತ್ತು, “ಕೈ ಇವರದೇ ಇರ್ಲಿ” ಎಂದು ಅಕ್ಕನನ್ನು ಕೂರಿಸಿದ್ದ. ಬೆಳಕು ಸಾಲದೆ ತಂಗಿ ಅರ್ಧ ಗಂಟೆ ದೀಪ ಹಿಡಿದು ನಿಂತಿದ್ದಳು.

ಅಕ್ಕ ಅಲ್ಲಿ ವಿವರಣೆ ಕೊಡುತ್ತಿದ್ದ ಹುಡುಗಿಯ ಬಳಿ ಹೋಗಿ, “ಇದು ತಪ್ಪಾಗಿದೆ ಕಣಮ್ಮ. ಇವು ನನ್ನ ಕೈ” ಎಂದಳು. ಹುಡುಗಿ ಗಾಬರಿಯಾಗಿ ಪ್ರದರ್ಶನದ ಮ್ಯಾನೇಜರನ್ನು ಕರೆತಂದಳು. ಆತ ಕೆಟ್ಟವನಲ್ಲ. ಅಕ್ಕ ಚಾಚಿದ ಕೈಯನ್ನು ನೋಡಿದ, ಗೋಡೆಯನ್ನೂ ನೋಡಿದ.

“ಹೊಲಿಯೋರ ಕೈಯಲ್ಲಿ ಇಂಥ ಗಾಯ ಸಾಮಾನ್ಯ ಅಲ್ವೇನಮ್ಮ?”

“ಹೊಲಿಯೋರ ಕೈಯಲ್ಲಿ ಹೌದು. ಯಜಮಾನರ ಮಗಳು ಯಾವತ್ತು ಹೊಲಿದ್ರು?”

ಸುತ್ತ ನಾಲ್ಕು ಜನ ನಿಂತು ನೋಡತೊಡಗಿದರು. ಮ್ಯಾನೇಜರು ದನಿ ತಗ್ಗಿಸಿ, “ಆವತ್ತು ನೋಡಿದೋರು ಯಾರಾದ್ರೂ ಇದ್ದಾರಾ? ಇದ್ರೆ ಮೇಲಿನೋರಿಗೆ ಬರೀತೀನಿ” ಎಂದ.

“ಇವಳೇ ಇದ್ದಾಳಲ್ಲ! ದೀಪ ಹಿಡಿದಿದ್ದೇ ಇವಳು” ಎಂದು ಅಕ್ಕ ತಂಗಿಯ ತೋಳು ಹಿಡಿದು ಮುಂದೆ ತಂದಳು.

ಮ್ಯಾನೇಜರು ತಂಗಿಯ ಕೊರಳಲ್ಲಿ ನೇತಾಡುತ್ತಿದ್ದ ಪಾಸು ನೋಡಿದ. “ಇದು ಸಿಬ್ಬಂದಿ ಮನೆಯವರ ಪಾಸು. ಕಂಪನೀಲಿ ನಿಮ್ಮೋರು ಯಾರಿದ್ದಾರಮ್ಮ?”

“ಮಗಳು... ಅಂಗಡೀಲಿ.”

“ಸರಿ. ನೀವು ಕಣ್ಣಾರೆ ನೋಡಿದ್ರಾ?”

ತಂಗಿ ಕೊರಳಿನ ಪಾಸನ್ನು ಮುಷ್ಟಿಯಲ್ಲಿ ಹಿಡಿದಳು. ಅಕ್ಕನ ಕೈ ಇನ್ನೂ ಅವಳ ತೋಳಿನ ಮೇಲಿತ್ತು.

“ಎಷ್ಟೋ ವರ್ಷ ಆಯ್ತು ಸಾರ್. ನನಗೆ ನೆನಪಿಲ್ಲ.”

ಅಕ್ಕ ಕೈ ತೆಗೆದಳು. ಮ್ಯಾನೇಜರು ಇಬ್ಬರಿಗೂ ನೀರು ತರಿಸಿಕೊಟ್ಟ. ಅಕ್ಕ ಮುಟ್ಟಲಿಲ್ಲ.

ಹೊರಗೆ ಮೆಟ್ಟಿಲಿನ ಮೇಲೆ ತಂಗಿ ಹಿಂದೆಯೇ ಓಡಿ ಬಂದಳು. “ಅಕ್ಕ, ಕೇಳು. ಮಗು ಕೆಲಸ ಇನ್ನೂ ಖಾಯಂ ಆಗಿಲ್ಲ. ನಾನು ಹೌದು ಅಂದಿದ್ರೆ ನಾಳೆ ಅವಳನ್ನ ಕರ್ಸಿ ಕೇಳ್ತಿದ್ರು. ಒಂದು ಫೋಟೊಗೋಸ್ಕರ...”

“ಗೊತ್ತಾಯ್ತು.”

“ಬೈಯಾದ್ರೂ ಬೈಯೇ.”

“ನೆನಪಿಲ್ಲ ಅಂದ್ಯಲ್ಲ, ಇನ್ನೇನು ಬೈಲಿ? ಗೊತ್ತಿಲ್ದೋರ ಹತ್ರ ಎಂಥ ಜಗಳ?” ಎಂದು ಅಕ್ಕ ರಸ್ತೆ ದಾಟಿ, ಮೊದಲು ಬಂದ ಬಸ್ಸು ಹತ್ತಿದಳು. ಅದು ಅವಳ ಮನೆಯ ಕಡೆಗೆ ಹೋಗುವ ಬಸ್ಸಲ್ಲ. ಕೊನೆಯ ಸ್ಟಾಪಿನವರೆಗೆ ಹೋಗಿ, ಇಳಿದು, ಒಂದು ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತು ಅತ್ತಳು. ಅತ್ತದ್ದು ಫೋಟೊಗಾಗಿ ಅಲ್ಲ. ಅಮ್ಮ ಹೋದ ಮೇಲೆ ಈ ತಂಗಿಗೆ ತಲೆ ಬಾಚಿ, ತನ್ನ ಪಕ್ಕದಲ್ಲೇ ಕೆಲಸ ಕೊಡಿಸಿ ದಡ ಹತ್ತಿಸಿದವಳು ಅವಳೇ.

ತಂಗಿ ಎರಡು ಸಲ ಫೋನ್ ಮಾಡಿದಳು. ಅಕ್ಕ ಎತ್ತಲಿಲ್ಲ. ಮೂರನೆಯ ಸಲ ಮಾಡಲಿಲ್ಲ.

ತಿಂಗಳು ಕಳೆದ ಮೇಲೆ ತಂಗಿಯ ಮಗಳು ಒಬ್ಬಳೇ ಅಕ್ಕನ ಮನೆಗೆ ಬಂದಳು. ಕೆಲಸ ಖಾಯಂ ಆಗಿತ್ತು. ಅಮ್ಮ ಅವಳಿಗೆ ಏನೂ ಹೇಳಿದಂತಿರಲಿಲ್ಲ.

“ದೊಡ್ಡಮ್ಮ, ಗಿರಾಕಿಗಳಿಗೆ ಹೇಳೋಕೆ ನಮಗೊಂದು ಕಥೆ ಕಲಿಸಿದ್ದಾರೆ. ಕೇಳ್ತೀಯಾ?” ಎಂದು ನೆಟ್ಟಗೆ ನಿಂತು ಒಪ್ಪಿಸಿದಳು. ಯಜಮಾನರ ಮಗಳು ಆಳುಗಳ ಸಮಕ್ಕೆ ಕೂತು ಕೆಲಸ ಕಲಿತದ್ದು, ಉಗುರು ಸೀಳಿ ರಕ್ತ ಸುರಿದರೂ ಏಳದೆ, ಒಂದೇ ಸೂಜಿಯಲ್ಲಿ ಇಡೀ ಹಿಡಿಕೆ ಹೊಲಿದು ಮುಗಿಸಿದ್ದು. ಹೇಳುತ್ತ ಹುಡುಗಿಯ ಕಣ್ಣುಗಳು ಹೊಳೆಯುತ್ತಿದ್ದವು.

ಅಕ್ಕ ಕೊನೆಯವರೆಗೂ ಕೇಳಿಸಿಕೊಂಡಳು. ಎಡಗೈ ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

“ಒಂದು ಸೂಜಿ ಅಲ್ಲ, ಎರಡು” ಎಂದಳು. “ಹಿಡಿಕೆ ಹೊಲಿಯೋದು ಎರಡು ಸೂಜೀಲಿ, ಎರಡೂ ಕಡೆಯಿಂದ. ಸರಿಯಾಗಿ ಹೇಳು, ತಿಳಿದೋರು ಯಾರಾದ್ರೂ ಬಂದ್ರೆ ನಿನ್ನ ಮಾನ ಹೋಗುತ್ತೆ.”

ಹುಡುಗಿ ಫೋನಿನಲ್ಲಿ ಅದನ್ನು ಬರೆದುಕೊಂಡಳು. ಅಕ್ಕ ಅವಳಿಗೆ ಚಹಾ ಮಾಡಿಕೊಟ್ಟು, ಕೆಲಸದ ವೇಳೆ, ಬಸ್ಸು, ಊಟ ಎಲ್ಲವನ್ನೂ ವಿಚಾರಿಸಿದಳು. ನಿಮ್ಮಮ್ಮ ಹೇಗಿದ್ದಾಳೆ ಎಂದು ಮಾತ್ರ ಕೇಳಲಿಲ್ಲ.