ಬಿಸಿಲಿಗೆ ಬೆನ್ನು ಕೊಟ್ಟು

ಆ ಮನೆಯ ಮಗು ಯಾವುದಕ್ಕೂ ಬೆಚ್ಚುವುದಿಲ್ಲ ಎಂಬುದು ಸಖರಾಯಪಟ್ಟಣದ ಆಚೆಯ ತೋಟದ ಮನೆಗಳಲ್ಲೆಲ್ಲ ಹೆಸರಾಗಿತ್ತು. ಪಕ್ಕದಲ್ಲಿ ಬೋರ್‌ವೆಲ್ ಲಾರಿ ಗುಡುಗುತ್ತಿದ್ದರೂ ಧೃತಿ ತೊಟ್ಟಿಲಲ್ಲಿ ನಿದ್ದೆ ಹೊಡೆದಿದ್ದಳು. "ತಂಪು ಜೀವ" ಎನ್ನುತ್ತಿದ್ದಳು ಅಜ್ಜಿ ಹುಚ್ಚಮ್ಮ. ಮೊದಮೊದಲು ತಾಯಿ ಭವ್ಯಳಿಗೂ ಹೆಮ್ಮೆಯೇ. ಈಚೆಗೆ ಮಾತ್ರ ಆ ತಂಪು ಅವಳ ನಿದ್ದೆ ಕೆಡಿಸುತ್ತಿತ್ತು.

ಆಶಾ ಕಾರ್ಯಕರ್ತೆ ಅನಿತಾ ಬಂದಾಗಲೆಲ್ಲ ಹುಚ್ಚಮ್ಮ, ಮಗು ಮಲಗಿದೆ ಎಂದು ಬಾಗಿಲಿಂದಲೇ ಸಾಗಹಾಕುತ್ತಿದ್ದಳು. ಇವತ್ತು ಇಳಿಹೊತ್ತಿಗೆ ಬಂದ ಅನಿತಾ ಜಗಲಿಯ ಮೇಲೆ ಕೂತೇಬಿಟ್ಟಳು.

"ಒಂಬತ್ ತಿಂಗ್ಳಾಯ್ತಲ್ಲಜ್ಜಿ. ಮಂಗಳವಾರ ಕಡೂರ್ ಆಸ್ಪತ್ರೆಗೆ ಕರ್ಕೊಂಡ್ ಬನ್ನಿ, ಕಣ್ಣು ಕಿವಿ ಎಲ್ಲಾ ನೋಡ್ತಾರೆ."

"ನಿಮ್ಗೆ ನೋಡಕ್ಕೆ ಬೇರೆ ಮಕ್ಳಿಲ್ವೇನವ್ವಾ? ಕಿವಿ ತಾನೇ, ಇಲ್ಲೇ ನೋಡ್ಕೋ."

ಹುಚ್ಚಮ್ಮ ಅಂಗಳದಲ್ಲಿ ಕೂತಿದ್ದ ಮಗುವಿನ ಹಿಂದೆ ನಿಂತು ಗಿಲಕಿ ಆಡಿಸಿದಳು. ಧೃತಿ ತಿರುಗಿ ನಕ್ಕಳು.

"ನಿನ್ಗಿಂತ ಚೆನ್ನಾಗ್ ಕೇಳ್ತದೆ ಕಣೇ."

"ಆದ್ರೂ ಬನ್ನಿ," ಎಂದು ಅನಿತಾ ನಗುತ್ತಲೇ ಹೊರಟಳು.

ಅವಳು ಅಂಗಳ ದಾಟಿದ ಸ್ವಲ್ಪ ಹೊತ್ತಿಗೆ ಒಣಗಾಯಿಯೊಂದು ಕೊಟ್ಟಿಗೆಯ ತಗಡಿನ ಮೇಲೆ ಬಿತ್ತು. ಕರು ಹಗ್ಗ ಜಗ್ಗಿತು. ನಾಯಿ ಎದ್ದು ಓಡಿತು. ಧೃತಿ ಮಾತ್ರ ಇರುವೆ ಸಾಲನ್ನು ನೋಡುತ್ತಲೇ ಇದ್ದಳು.

ಭವ್ಯ ಹಿಂದಿನಿಂದ ಹೆಸರು ಹಿಡಿದು ಕರೆದಳು. ಮತ್ತೆ ಕರೆದಳು, ಗಂಟಲು ಉರಿಯುವಷ್ಟು ಜೋರಾಗಿ. ಕೂಗು ತೆಂಗಿನ ಸಾಲುಗಳೊಳಗೆ ಹೋಗಿ ಎಲ್ಲೋ ಇಂಗಿತು. ಆ ಪುಟ್ಟ ಕತ್ತು ಅಲುಗಲಿಲ್ಲ. ಅವಳು ತಡೆಯಲಾರದೆ ಪಕ್ಕಕ್ಕೆ ಸರಿದಳು. ಅವಳ ನೆರಳು ಮಗುವಿನ ಮುಂದಿನ ಮಣ್ಣಿನ ಮೇಲೆ ಚಾಚಿತು. ಧೃತಿ ತಟ್ಟನೆ ತಿರುಗಿ ನಕ್ಕಳು, ಗಿಲಕಿಗೆ ನಕ್ಕ ಹಾಗೆಯೇ.

ಭವ್ಯ ತನ್ನ ನೆರಳನ್ನೇ ನೋಡಿದಳು. ಯಾರಿಗೆ ತೋರಿಸುವಾಗಲೂ ಅತ್ತೆ ಬಿಸಿಲಿಗೆ ಬೆನ್ನು ಕೊಟ್ಟೇ ನಿಲ್ಲುತ್ತಿದ್ದಳು. ಬೆಳಿಗ್ಗೆ ಬಾವಿಯ ಕಡೆ, ಸಂಜೆ ಕೊಟ್ಟಿಗೆಯ ಕಡೆ. ಮೋಡ ಕವಿದ ದಿನ ಗಿಲಕಿ ಮುಟ್ಟುತ್ತಲೇ ಇರಲಿಲ್ಲ.

ಹುಚ್ಚಮ್ಮ ಹೊಸ್ತಿಲೊಳಗಿನ ಕತ್ತಲಲ್ಲಿ ನಿಂತು ನೋಡುತ್ತಿದ್ದಳು.

"ನಿಮ್ಗೆ ಗೊತ್ತಿತ್ತಾ ಅತ್ತೆ?"

"ಗೊತ್ತಾದ್ಮೇಲೆ ಮೂಗಿ ಅಂತಾರೆ ಕಣವ್ವ. ಅಲ್ಲೀಗಂಟ ಬರೀ ಮಗು."

ಭವ್ಯ ಮಗುವನ್ನು ಸೊಂಟಕ್ಕೇರಿಸಿ ತೋಟದ ದಾರಿ ಹಿಡಿದಳು. ಬೆನ್ನ ಹಿಂದೆ ಗಿಲಕಿ ಒಂದೇ ಸಮನೆ ಆಡತೊಡಗಿತು. ಅವಳು ತಿರುಗಲಿಲ್ಲ. "ಅನಿತಕ್ಕಾ" ಎಂದು ಕೂಗಿದಳು. ಎದೆಗೊರಗಿದ್ದ ಧೃತಿ ಕಣ್ಣರಳಿಸಿ, ಅದುರುತ್ತಿದ್ದ ಅಮ್ಮನ ಗಂಟಲಿನ ಮೇಲೆ ಅಂಗೈ ಇಟ್ಟು, ಇನ್ನೊಂದು ಸಲ ಅದುರಲೆಂದು ಕಾದಳು.